ಸಂಚಾರಿ ಪ್ರೊಫೈಲು ಮತ್ತು ನನ್ನ ಒಂದು ತಪ್ಪು ತೀರ್ಪು



ಸಂಧಿ ಸಮಾಸಗಳ ಬಗೆಗೂ ಮಲೆನಾಡಿನ ಮಳೆಯ ಬಗೆಗೂ ಬರೆಯುತ್ತಿದ್ದ ಈ ಮೇಷ್ಟ್ರು ಇಂದು ಕಂಪ್ಯೂಟರ್ ಜಾಲದ ರೋಗ ನಿದಾನಕ್ಕೆ ಕೈಹಾಕಿರುವುದನ್ನು ಕಂಡು ನಿಮ್ಮಲ್ಲಿ ಕೆಲವರು ನಕ್ಕಾರು. ನಗಲಿ. ಕಳೆದ ತಿಂಗಳು ಬೆಂಗಳೂರಿನಿಂದ ಹಳೆಯ ಶಿಷ್ಯನೊಬ್ಬ ದೂರವಾಣಿ ಕರೆ ಮಾಡಿ, "ಸಾರ್, ಈವತ್ತು ನಮ್ಮ ಕಚೇರಿಯಲ್ಲಿ ಒಬ್ಬರ ಪ್ರೊಫೈಲ್ ಕೆಟ್ಟಿತ್ತು. ಎಲ್ಲರೂ ಅವರನ್ನೇ ಬೈಯುತ್ತಿದ್ದರು. ನನಗೆ ನಮ್ಮ ಶಾಲೆಯ ಏಳನೆಯ ನಂಬರಿನ ಕಂಪ್ಯೂಟರ್ ನೆನಪಾಯಿತು" ಎಂದ. ಆ ಏಳನೆಯ ನಂಬರಿನ ಕಥೆಯನ್ನು ನಾನು ಇದುವರೆಗೆ ಬರೆದಿಲ್ಲ. ಅದರಲ್ಲಿ ನನ್ನ ತಪ್ಪೊಂದು ಇರುವುದರಿಂದ ಮುಂದೂಡುತ್ತಲೇ ಬಂದಿದ್ದೆ. ಆ ಕಥೆಯ ಜೊತೆಗೆ, ಇಷ್ಟು ವರ್ಷಗಳಲ್ಲಿ ನನ್ನಲ್ಲಿ ಗಟ್ಟಿಯಾಗಿರುವ ಒಂದು ಅಭಿಪ್ರಾಯವನ್ನೂ ಇಂದು ಹೇಳಿಬಿಡುತ್ತೇನೆ.

2006ನೆಯ ಇಸವಿ. ನಾನು ನಿವೃತ್ತನಾಗಲು ಇನ್ನು ಮೂರು ವರ್ಷಗಳಿದ್ದವು. ನಮ್ಮ ಪ್ರೌಢಶಾಲೆಗೆ ದಾನಿಗಳ ಕೃಪೆಯಿಂದ 20 ಕಂಪ್ಯೂಟರುಗಳೂ ಒಂದು ಸರ್ವರೂ ಬಂದಿದ್ದವು. ಕಂಪ್ಯೂಟರುಗಳಲ್ಲಿ ವಿಂಡೋಸ್ ಎಕ್ಸ್‌ಪಿ, ಸರ್ವರಿನಲ್ಲಿ ವಿಂಡೋಸ್ ಸರ್ವರ್ 2003. ಗಣಿತದ ಮೇಷ್ಟ್ರು ವರ್ಗವಾಗಿ ಹೋಗಿದ್ದರು. ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಬೆರಳಚ್ಚು ಮಾಡಬಲ್ಲವನು ಎಂಬ ಒಂದೇ ಅರ್ಹತೆಯ ಮೇಲೆ ಮುಖ್ಯೋಪಾಧ್ಯಾಯರು ಲ್ಯಾಬಿನ ಬೀಗದ ಕೈಯನ್ನು ಕನ್ನಡ ಪಂಡಿತನಾದ ನನ್ನ ಕೈಗೆ ಕೊಟ್ಟರು.

ಯಂತ್ರಗಳನ್ನು ಜೋಡಿಸಿಕೊಟ್ಟ ತರುಣ ಒಂದು ಸೌಕರ್ಯವನ್ನು ಹೆಮ್ಮೆಯಿಂದ ತೋರಿಸಿದ್ದ. ಪ್ರತಿ ವಿದ್ಯಾರ್ಥಿಗೂ ಒಂದು ಹೆಸರು, ಒಂದು ಪಾಸ್‌ವರ್ಡ್. ಮಗು ಯಾವ ಕಂಪ್ಯೂಟರಿನ ಮುಂದೆ ಕುಳಿತರೂ ತನ್ನದೇ ಡೆಸ್ಕ್‌ಟಾಪ್, ತನ್ನದೇ ಚಿತ್ರ, ತನ್ನದೇ ಕಡತಗಳು ಎದುರಿಗೆ ಬರುತ್ತವೆ. ಇದಕ್ಕೆ ರೋಮಿಂಗ್ ಪ್ರೊಫೈಲ್ ಎಂದು ಹೆಸರು. ನಾನು ಮಕ್ಕಳಿಗೆ "ಸಂಚಾರಿ ಪ್ರೊಫೈಲು" ಎಂದು ಕನ್ನಡಿಸಿ ಹೇಳಿದೆ. ಇಪ್ಪತ್ತರಲ್ಲಿ ಎರಡು ಮೂರು ಯಂತ್ರಗಳು ಸದಾ ಕೆಟ್ಟು ಕೂತಿರುತ್ತಿದ್ದ ನಮ್ಮಂಥ ಶಾಲೆಗೆ ಇದು ವರವೆಂದೇ ನನಗೆ ಅನಿಸಿತ್ತು. ಈಗಲೂ ಆ ಕಲ್ಪನೆ ಸುಂದರವಾದುದೆಂದೇ ನನ್ನ ಭಾವನೆ.

ಆದರೆ ಆ ಸೌಕರ್ಯ ಒಳಗೆ ಹೇಗೆ ಕೆಲಸ ಮಾಡುತ್ತದೆಂದು ಆ ತರುಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಗುವಿನ ಕಡತಗಳು ಸದಾ ಸರ್ವರಿನಲ್ಲೇ ಇರುತ್ತವೆ, ಪರದೆಯಲ್ಲಿ ಕಾಣುವುದು ಅದರ ಬಿಂಬ ಮಾತ್ರ ಎಂದು ನಾನು ತಿಳಿದಿದ್ದೆ. ವಾಸ್ತವ ಬೇರೆಯಾಗಿತ್ತು. ಮಗು ಲಾಗಿನ್ ಆದಾಗ ಸರ್ವರಿನಲ್ಲಿರುವ ಪ್ರೊಫೈಲಿನ ಒಂದು ನಕಲು ಆ ಕಂಪ್ಯೂಟರಿಗೆ ಇಳಿಯುತ್ತದೆ. ಮಗು ಕೆಲಸ ಮಾಡುವುದು ಆ ನಕಲಿನ ಮೇಲೆ. ಲಾಗಾಫ್ ಆಗುವಾಗ ಬದಲಾದ ಕಡತಗಳು ಮರಳಿ ಸರ್ವರಿಗೆ ಹೋಗುತ್ತವೆ. ನಡುವಿನ ಆ ನಲವತ್ತು ನಿಮಿಷ ಮಗು ಬರೆದುದೆಲ್ಲವೂ ಆ ಒಂದು ಯಂತ್ರದಲ್ಲಿ ಮಾತ್ರ ಇರುತ್ತದೆ. ನಾವು ಕಾಪಿ ಪುಸ್ತಕವನ್ನು ಶಾಲೆಯ ಬೀರುವಿನಿಂದ ತೆಗೆದುಕೊಟ್ಟು, ಗಂಟೆ ಬಾರಿಸಿದಾಗ ಮತ್ತೆ ಬೀರುವಿಗೆ ಇರಿಸುತ್ತೇವಲ್ಲ, ಹಾಗೆ. ಮರಳಿ ಇಡದಿದ್ದರೆ ನಾಳೆ ಬೀರುವಿನಲ್ಲಿ ಇರುವುದು ನಿನ್ನೆಯ ಪುಸ್ತಕವೇ.

ಒಂಬತ್ತನೆಯ ತರಗತಿ ಬಿ ವಿಭಾಗದ ಒಬ್ಬ ಹುಡುಗಿ. ಅವಳ ಹೆಸರು ಬೇಡ, ಅವಳೂ ಇದನ್ನು ಓದುತ್ತಾಳೆ, ಬರೆಯಲು ಒಪ್ಪಿಗೆಯನ್ನೂ ಕೊಟ್ಟಿದ್ದಾಳೆ. ಅಂತರಶಾಲಾ ಪ್ರಬಂಧ ಸ್ಪರ್ಧೆಗೆಂದು ಅವಳು ತನ್ನ ಅಜ್ಜಿ ಅಡಿಕೆ ಸುಲಿಯುವ ದಿನಗಳ ಕುರಿತು ನಾಲ್ಕು ಪುಟ ಬರೆದಿದ್ದಳು. ಸೋಮವಾರ ಲ್ಯಾಬಿನಲ್ಲಿ ಏಳನೆಯ ನಂಬರಿನ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ ಮುಗಿಸಿದಳು. ಗುರುವಾರ ಮುದ್ರಿಸಿ ಶನಿವಾರದೊಳಗೆ ಕಳಿಸಬೇಕಾಗಿತ್ತು. ಗುರುವಾರ ಹನ್ನೆರಡನೆಯ ನಂಬರಿನ ಮುಂದೆ ಕುಳಿತು ನೋಡಿದರೆ ಪ್ರಬಂಧವಿಲ್ಲ.

"ಸೋಮವಾರ ಸೇವ್ ಮಾಡಿದ್ದೆ ಸಾರ್" ಎಂದಳು.

"ಮಾಡಿದ್ದರೆ ಎಲ್ಲಿಗೆ ಹೋಗುತ್ತದೆ? ಬರೆದಿಲ್ಲ ಎಂದು ಒಪ್ಪಿಕೊ. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ" ಎಂದೆ. ತರಗತಿಯ ಎಲ್ಲರ ಎದುರಿಗೆ ಹೇಳಿದೆ.

ಅವಳು ಅಳಲಿಲ್ಲ, ವಾದಿಸಲೂ ಇಲ್ಲ. ಸುಮ್ಮನೆ ಕುಳಿತಳು. ಕೈಬರಹದ ಕರಡನ್ನು ಆಗಲೇ ಹರಿದುಹಾಕಿದ್ದಳಂತೆ. ಶನಿವಾರ ಉಳಿದ ಮೂವರ ಪ್ರಬಂಧಗಳು ಹೋದವು, ಅವಳದು ಹೋಗಲಿಲ್ಲ.

ಮರು ಸೋಮವಾರ ಅದೇ ತರಗತಿಯ ಮತ್ತೊಬ್ಬ ಹುಡುಗ ತನ್ನ ಚಿತ್ರ ಕಾಣೆಯಾಗಿದೆ ಎಂದ. ಅವನ ಪಕ್ಕದವನೂ ಮೆಲ್ಲಗೆ ಕೈಯೆತ್ತಿದ. ಆಗ ಮಾತ್ರ ನನ್ನ ತಲೆಯಲ್ಲಿ ಸಂಶಯ ಮೂಡಿತು. ಒಬ್ಬರು ಸುಳ್ಳು ಹೇಳಿಯಾರು. ಮೂವರು ಒಂದೇ ಬಗೆಯ ಸುಳ್ಳನ್ನು ಹೇಳುತ್ತಾರೆಯೇ?

ಲ್ಯಾಬಿನಲ್ಲಿ ನಾನು ಒಂದು ಹಾಜರಿ ಪುಸ್ತಕ ಇಟ್ಟಿದ್ದೆ. ಯಾವ ದಿನ, ಯಾವ ಅವಧಿ, ಯಾವ ನಂಬರಿನ ಯಂತ್ರ, ಸಹಿ. ಕಳ್ಳತನವಾದೀತೆಂಬ ಭಯದಿಂದ ಇಟ್ಟದ್ದು, ಬೇರೆ ಉಪಯೋಗಕ್ಕೆ ಬಂತು. ಕಡತ ಕಳೆದುಕೊಂಡವರ ಹೆಸರುಗಳ ಕೆಳಗೆ ಕೆಂಪು ಗೆರೆ ಎಳೆಯುತ್ತ ಹೋದೆ. ಯಂತ್ರಗಳು ಬೇರೆ ಬೇರೆ, ದಿನಗಳು ಬೇರೆ ಬೇರೆ. ಅವಧಿ ಮಾತ್ರ ಒಂದೇ, ಆರನೆಯ ಅವಧಿ. ಬೆಳಗಿನ ಅವಧಿಗಳ ಮಕ್ಕಳಲ್ಲಿ ಒಬ್ಬರೂ ಏನನ್ನೂ ಕಳೆದುಕೊಂಡಿರಲಿಲ್ಲ.

ಅಂದು ರಾತ್ರಿ, ಬೆಂಗಳೂರಿನಲ್ಲಿ ಇಂಥದೇ ಕೆಲಸದಲ್ಲಿದ್ದ ಶಿಷ್ಯನಿಗೆ, ಮೇಲೆ ಹೇಳಿದವನಿಗೇ, ಫೋನು ಮಾಡಿದೆ. ಅವನು ಕೇಳಿದ ಮೊದಲ ಪ್ರಶ್ನೆಯೇ, "ಸಾರ್, ಆರನೆಯ ಅವಧಿ ಮುಗಿದ ಮೇಲೆ ಲ್ಯಾಬಿನಲ್ಲಿ ಏನಾಗುತ್ತದೆ?" ಎಂದು.

ಏನಾಗುತ್ತದೆ? ಏಳನೆಯ ಅವಧಿಗೆ ನನಗೆ ಮಹಡಿಯ ಮೇಲೆ ಹತ್ತನೆಯ ತರಗತಿಯ ಕನ್ನಡ ಪಾಠ. ಯುಪಿಎಸ್ಸಿನ ಬ್ಯಾಟರಿ ಹಳತಾಗಿತ್ತು, ಉಳಿಸಬೇಕೆಂದು ಮುಖ್ಯೋಪಾಧ್ಯಾಯರ ಅಪ್ಪಣೆಯಿತ್ತು. ಆದ್ದರಿಂದ ಗಂಟೆ ಬಾರಿಸಿದ ಎರಡು ನಿಮಿಷಕ್ಕೆ, ಮಕ್ಕಳು ಹೊರಟ ಕೂಡಲೇ, ನಾನು ಯುಪಿಎಸ್ ಆರಿಸಿ ಬೀಗ ಹಾಕಿ ಓಡುತ್ತಿದ್ದೆ. ಆ ಹೊತ್ತಿಗೆ ಹಲವು ಪರದೆಗಳ ಮೇಲೆ ಸೆಟ್ಟಿಂಗುಗಳನ್ನು ಉಳಿಸಲಾಗುತ್ತಿದೆ ಎಂಬರ್ಥದ ಇಂಗ್ಲಿಷ್ ಸಾಲು ಇನ್ನೂ ನಿಂತಿರುತ್ತಿತ್ತು. ನಾನು ಅದನ್ನು ನೋಡಿದ್ದೆ, ಓದಿರಲಿಲ್ಲ. ಮಕ್ಕಳ ಬರಹ ಸರ್ವರಿಗೆ ಪ್ರಯಾಣ ಮಾಡುತ್ತಿದ್ದ ಹಾದಿಯ ನಡುವೆ ನಾನೇ ವಿದ್ಯುತ್ತನ್ನು ಕಡಿದಿದ್ದೆ.

ಎರಡು ನಿಮಿಷ ಏಕೆ ಸಾಲದಾಯಿತು ಎಂಬುದನ್ನೂ ಶಿಷ್ಯ ಲೆಕ್ಕ ಹಾಕಿಸಿದ. ಕೆಲವು ಹುಡುಗರು ಡೆಸ್ಕ್‌ಟಾಪಿನ ಮೇಲೆ ಚಿತ್ರಗೀತೆಗಳನ್ನೂ ವಿಡಿಯೋ ತುಣುಕುಗಳನ್ನೂ ತುಂಬಿಟ್ಟಿದ್ದರು. ಡೆಸ್ಕ್‌ಟಾಪಿನಲ್ಲಿ ಇಟ್ಟದ್ದೆಲ್ಲ ಪ್ರೊಫೈಲಿನ ಭಾಗ, ಪ್ರೊಫೈಲಿನೊಡನೆ ಅದೂ ಸಂಚಾರ ಹೊರಡುತ್ತದೆ. ಒಂದೊಂದು ಪ್ರೊಫೈಲು 200 ಎಂಬಿ ಎಂದಿಟ್ಟುಕೊಂಡರೆ 20 ಯಂತ್ರಗಳಿಗೆ 4000 ಎಂಬಿ. ಸರ್ವರಿನ ತಂತಿಯ ವೇಗ ಸೆಕೆಂಡಿಗೆ 100 ಮೆಗಾಬಿಟ್, ಎಂದರೆ ಹೆಚ್ಚೆಂದರೆ 12.5 ಎಂಬಿ. ಭಾಗಿಸಿ ನೋಡಿ, 320 ಸೆಕೆಂಡು, ಐದು ನಿಮಿಷ ಇಪ್ಪತ್ತು ಸೆಕೆಂಡು. ಅದೂ ತಂತಿ ತನ್ನ ಪೂರ್ಣ ಶಕ್ತಿಯಿಂದ ದುಡಿದರೆ. ಹೊಸ ಯಂತ್ರದಲ್ಲಿ ಲಾಗಿನ್ ಆದಾಗ ಇದಿಷ್ಟೂ ಇಳಿಯಬೇಕು. ಲಾಗಾಫ್ ಆಗುವಾಗ ಬದಲಾದ ಕಡತಗಳು ಮಾತ್ರ ಹೋಗುತ್ತವಾದರೂ, ಅಂದು ಹೊಸ ಹಾಡುಗಳನ್ನು ತುಂಬಿದವರಿದ್ದರೆ ಎಲ್ಲರ ಸರದಿಯೂ ತಡವಾಗುತ್ತದೆ. ಇದರ ಮೇಲೆ ಇನ್ನೊಂದು ಕಾರಣ. ಯಾವುದಾದರೂ ತಂತ್ರಾಂಶ ರಿಜಿಸ್ಟ್ರಿಯನ್ನು ಹಿಡಿದುಕೊಂಡು ಬಿಡದಿದ್ದರೆ, ಎಕ್ಸ್‌ಪಿ ಸೆಕೆಂಡಿಗೊಮ್ಮೆಯಂತೆ 60 ಬಾರಿ ಪ್ರಯತ್ನಿಸಿ ಆಮೇಲೆ ಕೈಬಿಡುತ್ತಿತ್ತು. ಅದಕ್ಕೆಂದೇ ಮೈಕ್ರೋಸಾಫ್ಟ್ ಯುಪಿಎಚ್‌ಕ್ಲೀನ್ ಎಂಬ ಪುಟ್ಟ ಸಹಾಯಕ ತಂತ್ರಾಂಶವನ್ನು ಕೊಟ್ಟಿತ್ತು. ವಿಸ್ತಾದಿಂದೀಚೆಗೆ ಆ ಕೆಲಸ ವಿಂಡೋಸಿನ ಒಳಗೇ ಸೇರಿಕೊಂಡಿತು.

"ಹಾಗಾದರೆ ಆ ಪ್ರಬಂಧ?" ಎಂದು ಕೇಳಿದೆ. "ಇದ್ದರೆ ಏಳನೆಯ ನಂಬರಿನಲ್ಲೇ ಇರಬೇಕು ಸಾರ್. ಆದರೆ ಆ ಹುಡುಗಿಯನ್ನು ಅದರಲ್ಲಿ ಲಾಗಿನ್ ಮಾಡಿಸಬೇಡಿ. ಮೊದಲು ನೀವು ಅಡ್ಮಿನಿಸ್ಟ್ರೇಟರ್ ಆಗಿ ಒಳಹೊಕ್ಕು ನಕಲು ತೆಗೆದಿಡಿ. ಪರೀಕ್ಷೆ ಮಾಡುವುದು ಆಮೇಲೆ" ಎಂದ. ಇದು ಬಂಗಾರದಂಥ ಮಾತು. ಲಾಗಿನ್ ಆದ ಕ್ಷಣ ವಿಂಡೋಸ್ ಎರಡು ಪ್ರತಿಗಳನ್ನು ಹೋಲಿಸಿ ಒಂದುಗೂಡಿಸಲು ತೊಡಗುತ್ತದೆ. ಸರಿಯಾಗಿ ಕೂಡಿಸಲೂಬಹುದು, ಆದರೆ ಒಂದೇ ಒಂದು ಪ್ರತಿ ಇರುವಾಗ ಅದನ್ನು ಪಣಕ್ಕಿಡಬಾರದು.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಹೋಗಿ ಬೀಗ ತೆರೆದೆ. ಏಳನೆಯ ನಂಬರು, ಸಿ ಡ್ರೈವ್, ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್, ಅವಳ ಹೆಸರಿನ ಫೋಲ್ಡರ್, ಡೆಸ್ಕ್‌ಟಾಪ್. ನಾಲ್ಕು ಪುಟಗಳೂ ಅಲ್ಲೇ ಇದ್ದವು. ಕಡತದ ಮೇಲೆ ಸೋಮವಾರದ ದಿನಾಂಕ, ಆರನೆಯ ಅವಧಿಯ ವೇಳೆ. ಕುಳಿತು ಪೂರ್ತಿ ಓದಿದೆ. ಸ್ಪರ್ಧೆಗೆ ಕಳಿಸಿದ್ದ ಮೂರಕ್ಕಿಂತ ಚೆನ್ನಾಗಿತ್ತು.

ಅದೇ ತರಗತಿಯಲ್ಲಿ, ಅದೇ ಮಕ್ಕಳ ಎದುರಿಗೆ ನಿಂತು, "ತಪ್ಪು ನನ್ನದು. ಈ ಮಗು ಬರೆದಿತ್ತು. ಸ್ವಿಚ್ ಆರಿಸಿದವನು ನಾನು" ಎಂದು ಹೇಳಿದೆ. ಮುದ್ರಿಸಿ ಶಾಲೆಯ ಭಿತ್ತಿಪತ್ರಿಕೆಗೆ ಹಾಕಿಸಿದೆ. ಆದರೆ ಸ್ಪರ್ಧೆಯ ದಿನಾಂಕ ದಾಟಿಹೋಗಿತ್ತು. ನನ್ನ ಕ್ಷಮೆಯಿಂದ ಅದು ಹಿಂದಿರುಗಿ ಬರಲಿಲ್ಲ.

ಆಮೇಲಿನ ಮೂರು ವರ್ಷ ನಾನು ಈ ರೋಗಗಳನ್ನು ಸಾಕಷ್ಟು ಹತ್ತಿರದಿಂದ ಕಂಡೆ. ಉಪಯೋಗವಾದೀತೆಂದು ಕೆಲವನ್ನು ಹೇಳುತ್ತೇನೆ.

ಒಂದು, ಲಾಗಿನ್ ವೇಳೆ ಸರ್ವರ್ ಸಿಗದಿರುವುದು. ತಂತಿ ಸಡಿಲವಾಗಿದ್ದರೆ ವಿಂಡೋಸ್ ಮೊದಲು ತನ್ನಲ್ಲಿರುವ ಹಳೆಯ ಪ್ರತಿಯನ್ನು ಬಳಸಲು ನೋಡುತ್ತದೆ. ಅದೂ ಇಲ್ಲದಿದ್ದರೆ ತಾತ್ಕಾಲಿಕ ಪ್ರೊಫೈಲನ್ನು ಕೊಡುತ್ತದೆ. ಮಗು ಅದರಲ್ಲಿ ಡೆಸ್ಕ್‌ಟಾಪಿನ ಮೇಲೆ ಉಳಿಸಿದ್ದೆಲ್ಲ ಲಾಗಾಫ್ ಆದೊಡನೆ ಅಳಿದುಹೋಗುತ್ತದೆ. ಎಚ್ಚರಿಕೆಯ ಸಂದೇಶವೇನೋ ಬರುತ್ತದೆ, ಆದರೆ ನಮ್ಮಲ್ಲಿ ಅದು ಇಂಗ್ಲಿಷಿನಲ್ಲಿ ಬರುತ್ತಿತ್ತು. ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪೆಟ್ಟಿಗೆಯಲ್ಲಿ ಗೊತ್ತಿದ್ದ ಒಂದೇ ಪದ "ಓಕೆ". ಅದನ್ನು ಒತ್ತುತ್ತಿದ್ದರು. ಆದರೆ ಈವೆಂಟ್ ವ್ಯೂವರ್ ಎಂಬ ದಾಖಲೆ ಪುಸ್ತಕದಲ್ಲಿ ಎಲ್ಲವೂ ಬರೆದಿರುತ್ತದೆ. ತಾತ್ಕಾಲಿಕ ಪ್ರೊಫೈಲ್ ಕೊಟ್ಟದ್ದಕ್ಕೆ 1511, ಸರ್ವರಿನ ಪ್ರತಿ ಸಿಗದ್ದಕ್ಕೆ 1521. ಈ ಎರಡು ಸಂಖ್ಯೆಗಳನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟಿದ್ದೆ.

ಎರಡು, ಪಾಸ್‌ವರ್ಡ್ ಹಂಚಿಕೊಳ್ಳುವುದು. ಒಂದೇ ಹೆಸರಿನಲ್ಲಿ ಎರಡು ಯಂತ್ರಗಳಲ್ಲಿ ಕುಳಿತರೆ, ಕೊನೆಗೆ ಲಾಗಾಫ್ ಆದವನ ಪ್ರತಿಯೇ ಗೆಲ್ಲುತ್ತದೆ. ವೈಯಕ್ತಿಕ ಸೆಟ್ಟಿಂಗುಗಳೆಲ್ಲ ಎನ್‌ಟಿಯೂಸರ್ ಡಾಟ್ ಡ್ಯಾಟ್ ಎಂಬ ಒಂದೇ ಕಡತದಲ್ಲಿರುವುದರಿಂದ ಮೊದಲಿನವನು ಮಾಡಿಕೊಂಡದ್ದು ಕಾಣದಾಗುತ್ತದೆ.

ಮೂರು, ಒಡೆತನ. ಸರ್ವರಿನಲ್ಲಿ ಮಗುವಿನ ಪ್ರೊಫೈಲ್ ಫೋಲ್ಡರು ಸಾಮಾನ್ಯವಾಗಿ ಆ ಮಗುವಿಗೆ ಮಾತ್ರ ತೆರೆಯುತ್ತದೆ. ಒಳಗೇನಿದೆ ನೋಡೋಣವೆಂದು ನಾನೊಮ್ಮೆ ಒಡೆತನವನ್ನು ನನ್ನ ಹೆಸರಿಗೆ ಬದಲಾಯಿಸಿಕೊಂಡೆ. ಮರುದಿನ ಆ ಮಗುವಿಗೆ ಪ್ರೊಫೈಲೇ ಬರಲಿಲ್ಲ. ಫೋಲ್ಡರಿನ ಒಡೆಯ ಆ ಬಳಕೆದಾರನೋ ಅಡ್ಮಿನಿಸ್ಟ್ರೇಟರ್ಸ್ ಗುಂಪೋ ಆಗಿರದಿದ್ದರೆ ವಿಂಡೋಸ್ ನಂಬುವುದಿಲ್ಲ. ಕೆದಕಿ ಕೆಡಿಸುವುದೆಂದರೆ ಇದೇ.

ನಾಲ್ಕು, ಜೊತೆಗೆ ಬಾರದ ವಸ್ತುಗಳು. ಪ್ರೊಫೈಲು ಸಂಚರಿಸುತ್ತದೆ, ತಂತ್ರಾಂಶಗಳೂ ಅಕ್ಷರಶೈಲಿಗಳೂ ಸಂಚರಿಸುವುದಿಲ್ಲ. ಹದಿನಾಲ್ಕನೆಯ ನಂಬರಿನಲ್ಲಿ ನುಡಿ ಇರಲಿಲ್ಲ. ಅಲ್ಲಿ ತೆರೆದ ಕನ್ನಡ ಕಡತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಕಡತ ಕೆಟ್ಟಿತೆಂದು ತಿಳಿದು ಮಕ್ಕಳು ಅದನ್ನು ಅಳಿಸಿಯೇಬಿಡುತ್ತಿದ್ದರು. ಕೆಟ್ಟದ್ದು ಏನೂ ಇರಲಿಲ್ಲ, ಅಕ್ಷರಶೈಲಿ ಇರಲಿಲ್ಲ ಅಷ್ಟೆ.

ಐದು, ಪೀಳಿಗೆಯ ಅಂತರ. ನಿವೃತ್ತನಾದ ಮೇಲೆ 2011ರಲ್ಲಿ ಶಾಲೆಗೆ ಕೆಲವು ವಿಂಡೋಸ್ 7 ಯಂತ್ರಗಳು ಬಂದಾಗ ಮತ್ತೆ ನನ್ನನ್ನು ಕರೆಸಿದರು. ಹಳೆಯ ಯಂತ್ರದಲ್ಲಿದ್ದ ಕಡತ ಹೊಸದರಲ್ಲಿ ಕಾಣದೆಂಬ ದೂರು. ವಿಸ್ತಾದಿಂದ ಪ್ರೊಫೈಲಿನ ರಚನೆಯೇ ಬದಲಾಗಿ, ಸರ್ವರಿನಲ್ಲಿ ಹೆಸರಿನ ಕೊನೆಗೆ ವಿ2 ಎಂದು ಸೇರಿದ ಬೇರೆಯೇ ಫೋಲ್ಡರ್ ಹುಟ್ಟುತ್ತದೆ. ವಿಂಡೋಸ್ 10ರ ಹೊತ್ತಿಗೆ ಅದು ವಿ5, 1607 ಆವೃತ್ತಿಯಿಂದ ವಿ6 ಆಯಿತು. ಒಂದೇ ಮಗುವಿಗೆ ಎರಡು ಮನೆಗಳು, ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದು.

ಇನ್ನು ನನ್ನ ಅಭಿಪ್ರಾಯ.

ಮೊದಲನೆಯದಾಗಿ, ಶಾಲೆಗಳಿಗೆ ಇಡೀ ಪ್ರೊಫೈಲನ್ನು ಸಂಚಾರಕ್ಕೆ ಕಳಿಸುವ ಅಗತ್ಯವಿಲ್ಲ. ಮಗುವಿಗೆ ಬೇಕಾದದ್ದು ಅದರ ಬರಹ, ಗೋಡೆಚಿತ್ರವಲ್ಲ. ಮೈ ಡಾಕ್ಯುಮೆಂಟ್ಸ್ ಫೋಲ್ಡರನ್ನು ನೇರವಾಗಿ ಸರ್ವರಿಗೆ ತಿರುಗಿಸಿಬಿಡುವ ಫೋಲ್ಡರ್ ರಿಡೈರೆಕ್ಷನ್ ಎಂಬ ಏರ್ಪಾಡು ವಿಂಡೋಸ್ 2000ದ ಕಾಲದಿಂದ ಇದೆ. ಅದರಲ್ಲಿ ಸೇವ್ ಮಾಡಿದ ಕೂಡಲೇ ಬರಹ ಸರ್ವರಿಗೆ ಹೋಗುತ್ತದೆ, ಗಂಟೆ ಬಾರಿಸುವವರೆಗೆ ಕಾಯುವುದಿಲ್ಲ. ಡೆಸ್ಕ್‌ಟಾಪಿಗೆ ಎಲ್ಲರಿಗೂ ಒಂದೇ ಆದ, ಬದಲಾಗದ ಮ್ಯಾಂಡೇಟರಿ ಪ್ರೊಫೈಲ್ ಸಾಕು. 2007ರ ಬೇಸಿಗೆ ರಜೆಯಲ್ಲಿ ಶಿಷ್ಯ ಊರಿಗೆ ಬಂದಾಗ ನಾವು ಹೀಗೆಯೇ ಬದಲಾಯಿಸಿದೆವು. ಅದರ ನಂತರ ನಾನು ನಿವೃತ್ತನಾಗುವವರೆಗೆ ಯಾವ ಮಗುವಿನ ಪ್ರಬಂಧವೂ ಈ ಕಾರಣಕ್ಕಾಗಿ ಕಳೆಯಲಿಲ್ಲ.

ಎರಡನೆಯದಾಗಿ, ಯಂತ್ರವನ್ನು ಕೊಡುವವರು ಅದರ ಅಂತರಂಗವನ್ನು ಅಲ್ಲಿ ನಿತ್ಯ ಇರುವ ಒಬ್ಬರಿಗಾದರೂ ಕಲಿಸಿ ಹೋಗಬೇಕು. ದೊಡ್ಡ ವಿದ್ಯೆ ಬೇಕಾಗಿಲ್ಲ. "ಈ ಸಾಲು ಪರದೆಯ ಮೇಲಿರುವಾಗ ಸ್ವಿಚ್ ಆರಿಸಬೇಡಿ" ಎಂದು ಯಾರಾದರೂ ಕನ್ನಡದಲ್ಲಿ ಒಂದು ಚೀಟಿ ಬರೆದು ಅಂಟಿಸಿದ್ದರೆ ಸಾಕಾಗಿತ್ತು. ದಾನಿಗಳು ಇಪ್ಪತ್ತು ಯಂತ್ರ ಕೊಡುವ ಬದಲು ಹದಿನೆಂಟನ್ನು ಕೊಟ್ಟು, ಉಳಿದ ಹಣದಲ್ಲಿ ಒಬ್ಬ ಮೇಷ್ಟ್ರಿಗೆ ಒಂದು ವಾರದ ತರಬೇತಿ ಕೊಡಿಸುವುದು ಮೇಲೆಂದು ನಾನು ಇಂದಿಗೂ ವಾದಿಸುತ್ತೇನೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ದೂರು ತಂದವರನ್ನು ಮೊದಲು ನಂಬಬೇಕು. ನಂಬಿ, ಮೂರು ಪ್ರಶ್ನೆಗಳನ್ನು ಕೇಳಬೇಕು. ಯಾವ ಯಂತ್ರದಲ್ಲಿ? ಯಾವ ವೇಳೆಗೆ? ಪರದೆಯ ಮೇಲೆ ಏನು ಕಂಡಿತು? ನಾನು ಆ ಗುರುವಾರ ಇವುಗಳಲ್ಲಿ ಮೊದಲನೆಯದೊಂದನ್ನು ಕೇಳಿದ್ದರೂ ಹತ್ತು ಹೆಜ್ಜೆ ನಡೆದು ಏಳನೆಯ ನಂಬರನ್ನು ನೋಡಬಹುದಿತ್ತು. ಪ್ರಬಂಧ ಶನಿವಾರಕ್ಕೆ ತಲುಪುತ್ತಿತ್ತು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಹದಿನಾಲ್ಕು ವರ್ಷದ ಮಗುವಿನ ಮಾತಿಗಿಂತ, ತಿಂಗಳ ಹಿಂದೆ ಬಂದ, ನನಗೇ ಅರ್ಥವಾಗದ ಯಂತ್ರದ ಮೇಲೆ ಹೆಚ್ಚು ವಿಶ್ವಾಸವಿತ್ತು ಎಂಬುದು ಇಂದಿಗೂ ನನ್ನನ್ನು ನಾಚಿಸುತ್ತದೆ.

"ಈಗ ಇದೆಲ್ಲ ಹಳೆಯ ಕಥೆ ಮೇಷ್ಟ್ರೇ, ಎಲ್ಲವೂ ಕ್ಲೌಡಿಗೆ ಹೋಗಿದೆ" ಎನ್ನುವವರಿದ್ದೀರಿ. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್‌ನಲ್ಲಿ ನಿಂತಿತು, ನಿಜ. ದೊಡ್ಡ ಕಚೇರಿಗಳು ಒನ್‌ಡ್ರೈವ್, ಎಫ್‌ಎಸ್‌ಲಾಜಿಕ್ಸ್ ಮುಂತಾದವುಗಳತ್ತ ಹೊರಳಿವೆ, ಅದೂ ನಿಜ. ಆದರೆ ಎರಡು ಕಡೆ ಪ್ರತಿಗಳಿದ್ದು ಅವು ಒಂದಾಗಬೇಕಾದ ಕಡೆಯಲ್ಲೆಲ್ಲ ಈ ರೋಗ ಇದ್ದೇ ಇರುತ್ತದೆ. ಹೋದ ವರ್ಷ ನನ್ನ ಮೊಮ್ಮಗ ಮೊಬೈಲಿನಲ್ಲಿ ತಿದ್ದಿದ ಪಾಠ ಮನೆಯ ಕಂಪ್ಯೂಟರಿನಲ್ಲಿ ಹಳೆಯದಾಗಿಯೇ ಕಂಡಿತು. ಅವನ ತಾಯಿ "ನೀನು ತಿದ್ದಿಯೇ ಇಲ್ಲ" ಎಂದು ಗದರಿದಳು. ನಾನು ಒಳಕೋಣೆಯಿಂದ ಎದ್ದು ಬಂದು, "ತಡಿಯಮ್ಮ, ಮೊದಲು ಯಾವ ಯಂತ್ರದಲ್ಲಿ ಎಂದು ಕೇಳು" ಎಂದೆ. ಮೊಬೈಲಿನ ಇಂಟರ್ನೆಟ್ ಮುಗಿದಿತ್ತು, ಅಷ್ಟೇ.

ಆ ಹುಡುಗಿ ಈಗ ಬೇರೊಂದು ಊರಿನಲ್ಲಿ ಶಿಕ್ಷಕಿ. ಈ ಬರಹಕ್ಕೆ ಒಪ್ಪಿಗೆ ಕೇಳಲು ಫೋನು ಮಾಡಿದಾಗ ಅವಳು ಹೇಳಿದ ಒಂದು ಮಾತಿನಿಂದ ಮುಗಿಸುತ್ತೇನೆ. "ಸ್ಪರ್ಧೆ ತಪ್ಪಿದ್ದು ನನಗೆ ಮರೆತೇ ಹೋಗಿತ್ತು ಸಾರ್. ನೀವು ಎಲ್ಲರ ಎದುರಿಗೆ ಬೈದದ್ದು ಮರೆತಿಲ್ಲ. ಎಲ್ಲರ ಎದುರಿಗೇ ತಪ್ಪಾಯಿತು ಎಂದದ್ದೂ ಮರೆತಿಲ್ಲ."

ನಿಮ್ಮಲ್ಲಿ ಯಾರಿಗಾದರೂ ನಾನು ಹೀಗೆ ಕೇಳದೆ ತೀರ್ಪು ಕೊಟ್ಟ ನೆನಪಿದ್ದರೆ ದಯವಿಟ್ಟು ಬರೆಯಿರಿ. ಎಲ್ಲವನ್ನೂ ಸರಿಪಡಿಸುವ ವಯಸ್ಸು ಇದಲ್ಲ, ಆದರೆ ಒಪ್ಪಿಕೊಳ್ಳಲು ಇನ್ನೂ ಹೊತ್ತಿದೆ.